ಡಬಲ್ ಕ್ಲಚ್ ಕಾಲದ ಲಾರಿ ವಿದ್ಯೆ

1970–80ರ ದಶಕಗಳಲ್ಲಿ ಜಯನಗರ, ಬನಶಂಕರಿಗಳಲ್ಲಿ ಬೆಳೆದವರ ಕಿವಿಯಲ್ಲಿ ಒಂದು ಸದ್ದು ಇನ್ನೂ ಉಳಿದಿರಬೇಕು. ಬೆಳಗಿನ ಜಾವ, ಊರು ಇನ್ನೂ ಏಳುವ ಮೊದಲೇ, ಸೈಜುಗಲ್ಲನ್ನೋ ಮರಳನ್ನೋ ಹೇರಿಕೊಂಡ ಲಾರಿಯೊಂದು ಏರು ಹತ್ತುತ್ತದೆ. ಇಂಜಿನ್ನಿನ ಗುಡುಗು ನಿಧಾನವಾಗಿ ಭಾರವಾಗುತ್ತ ಬರುತ್ತದೆ. ಇನ್ನೇನು ನಿಂತೇ ಹೋಗುತ್ತದೆ ಎನ್ನುವಾಗ ಸದ್ದು ಥಟ್ಟನೆ ಹಗುರಾಗಿ ಅರೆಕ್ಷಣ ಮೌನ. ಮರುಕ್ಷಣ 'ಗುರ್ರ್' ಎಂದು ಒಂದು ಖಾಲಿ ಗರ್ಜನೆ. ಆಮೇಲೆ 'ಟಕ್' ಎಂಬ ಒಂದೇ ಒಂದು ಪೆಟ್ಟು. ಮತ್ತೆ ಗುಡುಗು ಶುರು, ಈ ಸಲ ಗಟ್ಟಿಯಾಗಿ, ಧೈರ್ಯವಾಗಿ. ಲಾರಿ ಏರು ಹತ್ತಿ ಹೋಗುತ್ತದೆ.

ಆ ಖಾಲಿ ಗರ್ಜನೆ ಚಾಲಕನ ಗತ್ತಿನ ಪ್ರದರ್ಶನವಲ್ಲ. ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಲಾರಿಯನ್ನು ಇಳಿಸುವ ಲೆಕ್ಕಾಚಾರ ಅದು. ಕಾಗದ ಪೆನ್ಸಿಲ್ ಇಲ್ಲದೆ, ಒಂದೆರಡು ಸೆಕೆಂಡಿನಲ್ಲಿ, ಕಿವಿ ಮತ್ತು ಎಡಗಾಲನ್ನು ನಂಬಿ ಮಾಡುತ್ತಿದ್ದ ಲೆಕ್ಕ. ಲಾರಿ ಜನರ ಮಾತಿನಲ್ಲಿ ಅದಕ್ಕೆ 'ಡಬಲ್ ಕ್ಲಚ್' ಎಂದು ಹೆಸರು. ಇಂದಿನ ಲಾರಿಗಳಿಗೆ ಅದು ಬೇಕಿಲ್ಲ. ಆದರೆ ಬೆಂಗಳೂರಿನ ದಕ್ಷಿಣ ಭಾಗದ ಮನೆಗಳ ಅಡಿಪಾಯದ ಕಲ್ಲು ಬಂದದ್ದು ಈ ವಿದ್ಯೆಯ ಬಲದಿಂದಲೇ.

ಸನ್ನೆಕೋಲಿನ ತತ್ವ

ಲಾರಿಗೆ ಇಷ್ಟೊಂದು ಗೇರುಗಳು ಏಕೆ ಎಂಬ ಪ್ರಶ್ನೆ ಸಹಜ. ಇಂದಿನ ಒಂದು ಸಾಧಾರಣ ಕಾರಿನ ಶಕ್ತಿ ಸುಮಾರು 80–90 ಅಶ್ವಶಕ್ತಿ. ಅದು ಎಳೆಯಬೇಕಾದ ತೂಕ ಒಂದು ಟನ್ನಿನ ಆಸುಪಾಸು. ಒಂದು ಕಾಲದಲ್ಲಿ ರಸ್ತೆಗಳನ್ನು ಆಳಿದ ಟಾಟಾ 1210 ಲಾರಿಯ ಹೆಸರಿನಲ್ಲೇ ಅದರ ಜಾತಕವಿದೆ: ಸರಕೂ ಸೇರಿ 12 ಟನ್ ತೂಕ, ಸುಮಾರು 100 ಅಶ್ವಶಕ್ತಿ. ಅಂದರೆ ಕಾರಿಗಿಂತ ತುಸುವೇ ಹೆಚ್ಚಿನ ಶಕ್ತಿಯಲ್ಲಿ ಹತ್ತು ಹನ್ನೆರಡು ಪಟ್ಟು ಭಾರ ಎಳೆಯಬೇಕು. ನಮ್ಮ ರಸ್ತೆಗಳಲ್ಲಿ ಲಾರಿಗಳು ನಿಗದಿಗಿಂತ ಹೆಚ್ಚು ಹೇರುತ್ತಿದ್ದುದನ್ನು ಸೇರಿಸಿದರೆ ಆ ಭಾರ ಇನ್ನೂ ಹೆಚ್ಚು.

ಇಲ್ಲಿ ನೆರವಿಗೆ ಬರುವುದೇ ಗೇರುಪೆಟ್ಟಿಗೆ. ಅದರ ತತ್ವ ಬಂಡೆ ಎತ್ತುವ ಸನ್ನೆಕೋಲಿನದೇ. ಕೋಲು ಉದ್ದವಾದಷ್ಟೂ ಬಂಡೆ ಸುಲಭವಾಗಿ ಅಲ್ಲಾಡುತ್ತದೆ, ಆದರೆ ಅದು ಸರಿಯುವ ದೂರ ಕಡಿಮೆ. ಮೊದಲನೆ ಗೇರು ಉದ್ದದ ಸನ್ನೆಕೋಲು: ಇಂಜಿನ್ ಹಲವು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಆದರೆ ಅಪಾರ ಬಲ. ಟಾಪ್ ಗೇರಿನಲ್ಲಿ ಬಲ ಕಡಿಮೆ, ಓಟ ಹೆಚ್ಚು. ಹಳೆಯ ಡೀಸೆಲ್ ಇಂಜಿನ್ನುಗಳು ತೀರ ನಿಧಾನಕ್ಕೂ ಹೋಗಲಾರವು, ತೀರ ವೇಗಕ್ಕೂ ಹೋಗಲಾರವು. ಆ ಕಿರಿದಾದ ಹದದಲ್ಲೇ ಇಂಜಿನ್ನನ್ನು ಇಟ್ಟುಕೊಳ್ಳಬೇಕಾದರೆ ಚಾಲಕ ಪ್ರತಿ ಏರಿಗೆ, ಪ್ರತಿ ತಿರುವಿಗೆ ಗೇರು ಬದಲಿಸುತ್ತಲೇ ಇರಬೇಕು.

ಸರಿಯುವ ಹಲ್ಲುಚಕ್ರಗಳ ಈ ಗೇರುಪೆಟ್ಟಿಗೆಯನ್ನು ಮೋಟಾರು ಗಾಡಿಗೆ ಹೊಂದಿಸಿದವರಲ್ಲಿ ಮೊದಲಿಗರು ಫ್ರಾನ್ಸಿನ ಪ್ಯಾನಾರ್–ಲೆವಸ್ಸೋರ್ ಕಂಪನಿಯವರು. ಅದು 1890ರ ದಶಕದ ಆರಂಭ. ತಿರುಗುತ್ತಿರುವ ಒಂದು ಹಲ್ಲುಚಕ್ರವನ್ನು ತಿರುಗುತ್ತಿರುವ ಇನ್ನೊಂದರ ಪಕ್ಕಕ್ಕೆ ತಳ್ಳಿ ಹಲ್ಲಿಗೆ ಹಲ್ಲು ಕೂರಿಸುವುದು ಅದರ ವಿಧಾನ. ಎರಡೂ ಒಂದೇ ವೇಗದಲ್ಲಿದ್ದರೆ ಸಲೀಸು. ಇಲ್ಲವಾದರೆ ಕಿವಿ ಮುಚ್ಚಿಕೊಳ್ಳುವಂಥ ಕರಕರ ಸದ್ದು, ಲೋಹದ ಚೂರು, ಕೆಲವೊಮ್ಮೆ ಮುರಿದ ಹಲ್ಲು. ಇಂಗ್ಲಿಷರು ಇದಕ್ಕೆ 'ಕ್ರ್ಯಾಶ್ ಗೇರ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮುಂದೆ ಹಲ್ಲುಚಕ್ರಗಳು ಸದಾ ಕಚ್ಚಿಕೊಂಡೇ ಇದ್ದು, ಅವನ್ನು ಶಾಫ್ಟಿಗೆ ಬಿಗಿಯುವ ಕೊಂಡಿಗಳು ಮಾತ್ರ ಸರಿಯುವ 'ಕಾನ್‌ಸ್ಟಂಟ್ ಮೆಶ್' ಗೇರುಪೆಟ್ಟಿಗೆ ಬಂತು. ಮುರಿಯುವುದು ಕಡಿಮೆಯಾಯಿತು. ಆದರೆ ವೇಗ ಹೊಂದಿಸುವ ಹೊಣೆ ಚಾಲಕನ ಹೆಗಲ ಮೇಲೇ ಉಳಿಯಿತು.

ಎರಡು ಬಾರಿ ತುಳಿಯುವುದೇಕೆ?

ಓಡುತ್ತಿರುವ ಬಸ್ಸಿಗೆ ಹತ್ತುವವನನ್ನು ನೆನೆಸಿಕೊಂಡರೆ ಡಬಲ್ ಕ್ಲಚ್ಚಿನ ಮರ್ಮ ಅರ್ಥವಾಗುತ್ತದೆ. ನಿಂತಲ್ಲಿಂದಲೇ ಫುಟ್‌ಬೋರ್ಡಿಗೆ ಕಾಲಿಟ್ಟವನು ಬೀಳುತ್ತಾನೆ. ಬಸ್ಸಿನ ಪಕ್ಕದಲ್ಲಿ ಅದರ ವೇಗಕ್ಕೇ ನಾಲ್ಕು ಹೆಜ್ಜೆ ಓಡಿ, ಕಂಬಿ ಹಿಡಿದು ಹತ್ತುವವನಿಗೆ ಬಸ್ಸು ನಿಂತಂತೆಯೇ ಇರುತ್ತದೆ. ಗೇರುಪೆಟ್ಟಿಗೆಯೊಳಗೆ ನಡೆಯಬೇಕಾದದ್ದೂ ಇದೇ.

ಪೆಟ್ಟಿಗೆಯಲ್ಲಿ ಎರಡು ಮುಖ್ಯ ಭಾಗಗಳಿವೆ. ಒಂದು ಕ್ಲಚ್ಚಿನ ಮೂಲಕ ಇಂಜಿನ್ನಿಗೆ ಅಂಟಿಕೊಂಡದ್ದು. ಇನ್ನೊಂದು ಹಿಂದಿನ ಚಕ್ರಗಳಿಗೆ ಸೇರಿದ್ದು. ಲಾರಿ ಉರುಳುವವರೆಗೆ ಅದು ತಿರುಗುತ್ತಲೇ ಇರುತ್ತದೆ. ಉದಾಹರಣೆಗೆ, ನಾಲ್ಕನೆ ಗೇರಿನಲ್ಲಿ ಚಕ್ರದ ಕಡೆಯ ಶಾಫ್ಟು ಒಂದು ಸುತ್ತು ತಿರುಗಲು ಇಂಜಿನ್ ಒಂದೂವರೆ ಸುತ್ತು, ಮೂರನೆ ಗೇರಿನಲ್ಲಿ ಎರಡೂವರೆ ಸುತ್ತು ತಿರುಗಬೇಕು ಎಂದಿಟ್ಟುಕೊಳ್ಳೋಣ. ಏರಿನಲ್ಲಿ ಲಾರಿ ಏದುಸಿರು ಬಿಡುತ್ತ ಇಂಜಿನ್ ನಿಮಿಷಕ್ಕೆ 1,200 ಸುತ್ತಿಗೆ ಇಳಿದಿದೆ. ಅದೇ ಓಟದಲ್ಲಿ ಮೂರನೆ ಗೇರು ಬೀಳಬೇಕಾದರೆ ಇಂಜಿನ್ 2,000 ಸುತ್ತಿಗೆ ಏರಿರಬೇಕು. ಈ 800 ಸುತ್ತಿನ ಅಂತರವನ್ನು ತುಂಬಿಸಬೇಕಾದವನು ಚಾಲಕ.

ಅವನು ಮೊದಲು ಕ್ಲಚ್ ತುಳಿದು ಗೇರ್ ರಾಡನ್ನು ನ್ಯೂಟ್ರಲಿಗೆ ತರುತ್ತಾನೆ. ಕ್ಲಚ್ಚಿನಿಂದ ಕಾಲು ತೆಗೆಯುತ್ತಾನೆ. ಈಗ ಇಂಜಿನ್ನಿಗೂ ಗೇರುಪೆಟ್ಟಿಗೆಯ ಮುಂಭಾಗಕ್ಕೂ ಮತ್ತೆ ಸಂಬಂಧ ಬೆಳೆದಿದೆ, ಚಕ್ರಗಳಿಗೆ ಮಾತ್ರ ಇಲ್ಲ. ಆಗ ಆಕ್ಸಿಲರೇಟರ್ ಒಮ್ಮೆ ಒತ್ತಿದರೆ ಇಂಜಿನ್ ಒಳಗಿನ ಹಲ್ಲುಚಕ್ರಗಳನ್ನೂ ಜೊತೆಗೆ ಓಡಿಸುತ್ತದೆ. ರಸ್ತೆ ಬದಿಯವರಿಗೆ ಕೇಳಿಸುವ ಖಾಲಿ ಗರ್ಜನೆ ಇದೇ. ಸುತ್ತು ಹದಕ್ಕೆ ಬಂತು ಎಂದು ಕಿವಿ ಹೇಳಿದ ಕ್ಷಣ ಎರಡನೆ ಬಾರಿ ಕ್ಲಚ್ ತುಳಿದು ರಾಡನ್ನು ಮೂರನೆ ಗೇರಿಗೆ ಎಳೆಯುತ್ತಾನೆ. ಲೆಕ್ಕ ಸರಿಯಾಗಿದ್ದರೆ 'ಟಕ್' ಎಂದು ಬೀಳುತ್ತದೆ. ಒಂದೇ ಬಾರಿ ಕ್ಲಚ್ ತುಳಿದು ಹಿಡಿದುಕೊಂಡರೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ವ್ಯರ್ಥ. ಇಂಜಿನ್ ಒಂದೇ ಕೂಗುತ್ತದೆ, ಹಲ್ಲುಚಕ್ರಗಳಿಗೆ ಅದು ತಲುಪುವುದೇ ಇಲ್ಲ. ಎರಡು ಬಾರಿ ತುಳಿಯುವುದು ಅದಕ್ಕಾಗಿಯೇ.

ಮೇಲಿನ ಗೇರಿಗೆ ಹೋಗುವಾಗ ಲೆಕ್ಕ ತಿರುವುಮುರುವು. ಅಲ್ಲಿ ಸುತ್ತು ಇಳಿಯಬೇಕು, ಅಂದರೆ ಕಾಯಬೇಕು. ಭಾರವಾದ ಫ್ಲೈವೀಲಿನ ಹಳೆಯ ಡೀಸೆಲ್ ಇಂಜಿನ್ ಸುತ್ತು ಇಳಿಸುವುದು ನಿಧಾನ. ಸಮತಟ್ಟಿನಲ್ಲಿ ಕಾಯಬಹುದು. ಏರಿನಲ್ಲಿ ಕಾಯುವಷ್ಟರಲ್ಲಿ ಲಾರಿಯೇ ನಿಧಾನವಾಗಿ ಲೆಕ್ಕವೆಲ್ಲ ಬದಲಾಗುತ್ತದೆ. ಯಾವ ಕ್ಷಣದಲ್ಲಿ ಬದಲಿಸಬೇಕು ಎನ್ನುವುದಕ್ಕಿಂತ ಯಾವಾಗ ಬದಲಿಸಬಾರದು ಎಂದು ಗೊತ್ತಿದ್ದವನೇ ಪಳಗಿದ ಚಾಲಕ. ಇನ್ನೂ ನುರಿತವರು ಸುತ್ತನ್ನು ಎಷ್ಟು ಕರಾರುವಾಕ್ಕಾಗಿ ಹಿಡಿಯುತ್ತಿದ್ದರೆಂದರೆ, ಹೊರಟ ಮೇಲೆ ಕ್ಲಚ್ಚನ್ನೇ ಮುಟ್ಟದೆ ಗೇರು ಬದಲಿಸಬಲ್ಲವರಾಗಿದ್ದರು.

ಕಾರಿಗೆ ಬಂದ ಸುಖ ಲಾರಿಗೆ ಬರಲಿಲ್ಲ

ಈ ಕಷ್ಟಕ್ಕೆ ಪರಿಹಾರ ಬಹಳ ಹಿಂದೆಯೇ ದೊರಕಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 'ಸಿಂಕ್ರೋಮೆಶ್' ಬಂತು. ಹಲ್ಲುಗಳು ಕಚ್ಚುವ ಮೊದಲು ಶಂಕುವಿನಾಕಾರದ ಉಂಗುರವೊಂದು ಉಜ್ಜಿ ಎರಡೂ ಕಡೆಯ ವೇಗವನ್ನು ಸಮ ಮಾಡುತ್ತದೆ. ಚಾಲಕ ಒಮ್ಮೆ ಕ್ಲಚ್ ತುಳಿದರೆ ಸಾಕು. ಕೆಲವೇ ವರ್ಷಗಳಲ್ಲಿ ಕಾರುಗಳಲ್ಲಿ ಇದು ಸಾಮಾನ್ಯವಾಯಿತು.

ಭಾರಿ ಲಾರಿಗಳಲ್ಲಿ ಹಾಗಾಗಲಿಲ್ಲ. ಲಾರಿಯ ಹಲ್ಲುಚಕ್ರಗಳು ದಪ್ಪ, ಭಾರ. ಅವನ್ನು ಸಮವೇಗಕ್ಕೆ ತರುವ ಉಂಗುರ ಬೇಗ ಸವೆಯುತ್ತದೆ; ಬೆಲೆಯೂ ಹೆಚ್ಚು. ರಸ್ತೆ ಬದಿಯ ಮರದ ನೆರಳಿನಲ್ಲಿ ಗೇರುಪೆಟ್ಟಿಗೆ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕಿಗೆ ಭಾಗಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಹೀಗಾಗಿ ತಯಾರಕರು ಹಳೆಯ ಬಗೆಯನ್ನೇ ಮುಂದುವರಿಸಿದರು. ಅಮೆರಿಕದಲ್ಲಿ ಫುಲ್ಲರ್ ಕಂಪನಿಯ 'ರೋಡ್‌ರೇಂಜರ್' ಮಾದರಿಯ 13, 18 ಗೇರುಗಳ ಪೆಟ್ಟಿಗೆಗಳು ಸಿಂಕ್ರೋಮೆಶ್ ಇಲ್ಲದೆಯೇ ದಶಕಗಳ ಕಾಲ ಹೆದ್ದಾರಿಗಳನ್ನು ಆಳಿದವು. ಅಲ್ಲಿನ ಹಳೆಯ ಮ್ಯಾಕ್ ಲಾರಿಗಳಲ್ಲಿ ಎರಡು ಗೇರ್ ರಾಡುಗಳಿದ್ದವು. ಎರಡನ್ನೂ ಸರಿಸಬೇಕಾದಾಗ ಸ್ಟೀರಿಂಗಿನ ಕಡ್ಡಿಗಳ ನಡುವೆ ತೋಳು ತೂರಿಸಿ ಚಕ್ರವನ್ನು ತಡೆದು ಹಿಡಿಯುವ ಚಾಲಕರೂ ಇದ್ದರು.

ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. ಇಲ್ಲಿ ಮನುಷ್ಯನ ದುಡಿಮೆ ಸೋವಿಯಾಗಿತ್ತು. ಹಿತ್ತಾಳೆಯ ಉಂಗುರಕ್ಕಿಂತ ಚಾಲಕನ ಎಡಗಾಲು ಅಗ್ಗ. ಯಂತ್ರದಲ್ಲಿ ಇಲ್ಲದ್ದನ್ನು ಮನುಷ್ಯ ತುಂಬಿಕೊಟ್ಟ.

ಮಂಗಳೂರಿಗೆ ಬಂದ ಮೊದಲ ಕಾಮೆಟ್

ಕನ್ನಡನಾಡಿನ ರಸ್ತೆಗಳಲ್ಲಿ ಲಾರಿ ಬೆಳೆದ ಬಗೆ ಕುತೂಹಲಕರ. ಎರಡನೆ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಅಭಾವ ಬಂದು, ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು ಲಾರಿಗಳು ಓಡಿದವು. ಇದ್ದಿಲ ಅನಿಲದಲ್ಲಿ ಶಕ್ತಿ ಕಡಿಮೆ. ಏರು ಬಂದಾಗ ಗೇರು ಇಳಿಸುವ ಕೆಲಸ ಇಮ್ಮಡಿ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಫೋರ್ಡ್, ಷೆವರ್ಲೆ, ಡಾಡ್ಜ್ ಗಾಡಿಗಳು 'ಡಿಸ್ಪೋಸಲ್' ಎಂಬ ಹೆಸರಿನಲ್ಲಿ ಖಾಸಗಿಯವರ ಕೈಸೇರಿದವು. ಸೈನ್ಯದಲ್ಲಿ ಗಾಡಿ ಓಡಿಸಲು ಕಲಿತು ಬಂದವರು ಊರಿನ ಹುಡುಗರಿಗೆ ಗುರುಗಳಾದರು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಕೆಲಸ ಆರಂಭಿಸಿತು. ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದು. ಅದೇ ವರ್ಷ ಮದರಾಸಿನ ಬಳಿಯ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಹುಟ್ಟಿತು. ಆಸ್ಟಿನ್ ಕಾರು ಜೋಡಿಸಲು ಹೊರಟ ಈ ಕಂಪನಿ 1950ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿಯ ಕಡೆ ಹೊರಳಿತು. 1951ರಲ್ಲಿ ಅಲ್ಲಿ ಜೋಡಿಸಿದ ಮೊದಲ ಲೇಲ್ಯಾಂಡ್ ಗಾಡಿಗಳು ನಾಲ್ಕು ಕಾಮೆಟ್ ಟಿಪ್ಪರುಗಳು. ಅವನ್ನು ಕೊಂಡದ್ದು ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆ! ಮಂಗಳೂರು ಆಗ ಮದರಾಸು ರಾಜ್ಯದಲ್ಲಿತ್ತು. ಹೀಗೆ ಅಶೋಕ್ ಲೇಲ್ಯಾಂಡಿನ ಚರಿತ್ರೆಯ ಮೊದಲ ಪುಟ ಕರಾವಳಿಯ ಕೆಂಪು ಹೆಂಚಿನೊಂದಿಗೆ ತಳುಕು ಹಾಕಿಕೊಂಡಿದೆ.

1954ರಲ್ಲಿ ಟಾಟಾ ಸಂಸ್ಥೆಯ ಟೆಲ್ಕೊ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಕೈಜೋಡಿಸಿ ಜಮ್‌ಷೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂತು. ಜನರ ಬಾಯಲ್ಲಿ ಮಾತ್ರ ಅದು ಬಹುಕಾಲ 'ಬೆಂಜ್ ಲಾರಿ'ಯಾಗಿಯೇ ಉಳಿಯಿತು. ಮುಂಬಯಿಯ ಪ್ರೀಮಿಯರ್ ಕಂಪನಿಯ ಡಾಡ್ಜ್, ಫಾರ್ಗೊ, ಹಿಂದೂಸ್ತಾನ್ ಮೋಟಾರ್ಸಿನ ಬೆಡ್‌ಫೋರ್ಡ್ ಕೂಡ ರಸ್ತೆಯಲ್ಲಿದ್ದವು. ಒಂದೊಂದರ ಗೇರಿನ ಗುಣವೂ ಬೇರೆ. ಲೇಲ್ಯಾಂಡಿಗೆ ಪಳಗಿದ ಕೈ ಬೆಂಜಿಗೆ ಹೊಂದಿಕೊಳ್ಳಲು ಸಮಯ ಬೇಕಾಗುತ್ತಿತ್ತು.

ಆಡುಗೋಡಿಯ ಹೃದಯ, ಜಯನಗರದ ಕಲ್ಲು

ಈ ಕಥೆಯಲ್ಲಿ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಎರಡು ಪಾತ್ರಗಳಿವೆ. ಮೊದಲನೆಯದು ಆಡುಗೋಡಿಯದು. 1951ರಲ್ಲಿ ಇಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಿಯ 'ಮೈಕೊ', ಜರ್ಮನಿಯ ಬಾಷ್ ಸಹಯೋಗದಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜಿನ್ನಿಗೆ ಇಂಧನ ಚುಚ್ಚುವ ಪಂಪುಗಳನ್ನೂ ತಯಾರಿಸಿತು. ಬಾಷ್ ಈ ಬಗೆಯ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಲಾರಿಯಲ್ಲಿ ಡೀಸೆಲ್ ಇಂಜಿನ್ ಇಡಲು ದಾರಿಯಾದದ್ದೇ ಅದರಿಂದ.

ಡೀಸೆಲ್ ಇಂಜಿನ್ನಿನ ಹೃದಯವೇ ಆ ಪಂಪು. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಪ್ರತಿ ಸಿಲಿಂಡರಿಗೆ ಎಷ್ಟು ಹನಿ ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವುದು ಅದು. ಡಬಲ್ ಕ್ಲಚ್ಚಿನ ನಡುವೆ ಕೇಳುವ ಆ ಗರ್ಜನೆ ಎಷ್ಟು ಬೇಗ ಏರುತ್ತದೆ, ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದರಲ್ಲಿ ಪಂಪಿನ ಪಾಲು ದೊಡ್ಡದು. ಪಂಪಿನ ಹದ ತಪ್ಪಿದ ಲಾರಿಯಲ್ಲಿ ಎಂಥ ಚಾಲಕನ ಕಿವಿಯೂ ಮೋಸಹೋಗುತ್ತಿತ್ತು. ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆಡುಗೋಡಿಯ ಕಾರ್ಖಾನೆಯ ತಯಾರಿಕೆ ಬಿಡದಿಗೆ ಹೋಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಆದ ಬಿಟಿಎಂ ಬಡಾವಣೆಯ ಬಗಲಿನಲ್ಲಿ 'ಮೈಕೊ ಲೇಔಟ್' ಎಂಬ ಹೆಸರು ಮಾತ್ರ ಉಳಿದಿದೆ.

ಎರಡನೆಯ ಪಾತ್ರ ಬಡಾವಣೆಗಳದು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದೆ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, 1976ರಲ್ಲಿ ಬಿಡಿಎ ಬಂದ ಮೇಲೆ ಹಂತ ಹಂತವಾಗಿ ಇನ್ನಷ್ಟು ವಿಸ್ತರಣೆ. ನಕ್ಷೆ ಬರೆದವರ ಹೆಸರು ದಾಖಲೆಗಳಲ್ಲಿದೆ. ಆದರೆ ಒಂದೊಂದು ಮನೆಗೂ ಬೇಕಾದ ಸೈಜುಗಲ್ಲು, ಇಟ್ಟಿಗೆ, ಮರಳು, ಜಲ್ಲಿ ಎಲ್ಲ ಬಂದದ್ದು ಲಾರಿಗಳಲ್ಲಿ. ಡಾಂಬರು ಕಾಣದ ಬಡಾವಣೆ ರಸ್ತೆಯಲ್ಲಿ ಮಳೆಗಾಲದ ಕೆಸರಿನೊಳಗೆ ತುಂಬಿದ ಲಾರಿಯನ್ನು ಮೊದಲನೆ ಗೇರಿನಲ್ಲಿ ಉಸಿರು ಕಟ್ಟಿಸದೆ ಒಳಗೆ ತರುವುದು, ಕಟ್ಟುತ್ತಿರುವ ಎರಡು ಮನೆಗಳ ನಡುವೆ ಹಿಂದಕ್ಕೆ ತೆಗೆದುಕೊಳ್ಳುವುದು ಸಣ್ಣ ಕೆಲಸವಲ್ಲ. ಆಗ ಪವರ್ ಸ್ಟೀರಿಂಗ್ ಇರಲಿಲ್ಲ. ನಿಂತ ಲಾರಿಯ ಸ್ಟೀರಿಂಗ್ ತಿರುಗಿಸಲು ಸೀಟಿನಿಂದ ಎದ್ದು ಮೈಭಾರ ಹಾಕಬೇಕಿತ್ತು.

'ಬರ್ಲಿ ಬರ್ಲಿ' ಎಂಬ ಪಾಠಶಾಲೆ

ಈ ವಿದ್ಯೆಯನ್ನು ಕಲಿಸುವ ಶಾಲೆ ಯಾವುದು? ಲಾರಿಯೇ. ಹನ್ನೆರಡು ಹದಿನೈದು ವರ್ಷದ ಹುಡುಗ ಕ್ಲೀನರ್ ಆಗಿ ಸೇರುತ್ತಿದ್ದ. ಮೊದಲ ಕೆಲಸ ಗಾಜು ಒರೆಸುವುದು, ರೇಡಿಯೇಟರಿಗೆ ನೀರು ತುಂಬುವುದು, ಟೈರಿಗೆ ಕೋಲಿನಿಂದ ಹೊಡೆದು ಗಾಳಿ ನೋಡುವುದು. ಲಾರಿ ಏರಿನಲ್ಲಿ ನಿಂತರೆ ಕಲ್ಲು ಹಿಡಿದು ಜಿಗಿದು ಹಿಂದಿನ ಚಕ್ರಕ್ಕೆ ಕೊಡುವುದು. ಹಿಂದಕ್ಕೆ ತೆಗೆಯುವಾಗ ಬಾಡಿ ತಟ್ಟುತ್ತ 'ಬರ್ಲಿ ಬರ್ಲಿ' ಎನ್ನುವುದು. ಈ ಹುಡುಗ ವರ್ಷಗಟ್ಟಲೆ ಚಾಲಕನ ಎಡಪಕ್ಕದಲ್ಲಿ ಕುಳಿತು ಇಂಜಿನ್ನಿನ ರಾಗ ಕೇಳುತ್ತಿದ್ದ. ಯಾವ ಏರಿಗೆ ಯಾವ ಗೇರು, ಯಾವ ಸೇತುವೆ ದಾಟಿದ ಮೇಲೆ ಕಾಲು ತೆಗೆಯಬೇಕು ಎಂಬುದು ಕೈಗೆ ಸ್ಟೀರಿಂಗ್ ಬರುವ ಮೊದಲೇ ಕಿವಿಗೆ ಬಂದಿರುತ್ತಿತ್ತು.

ನಂತರ ಒಂದು ದಿನ, ಲೋಡು ಇಳಿಸಿ ಖಾಲಿ ಬರುವಾಗ, ಜನವಿಲ್ಲದ ರಸ್ತೆಯಲ್ಲಿ ಗುರು ಪಕ್ಕಕ್ಕೆ ಸರಿದು ಕೂರುತ್ತಿದ್ದ. ಗೇರು ಕಿರುಗುಟ್ಟಿದರೆ ಬೈಗುಳ, ಕೆಲವೊಮ್ಮೆ ತಲೆಗೊಂದು ಮೊಟಕು. ಮುರಿದ ಹಲ್ಲಿನ ಖರ್ಚು ಮಾಲೀಕನದು, ಮಾಲೀಕನ ಸಿಟ್ಟು ಚಾಲಕನದು. ಅದು ಕಡೆಗೆ ಇಳಿಯುತ್ತಿದ್ದುದು ಹುಡುಗನ ಮೇಲೆ. ಈ ಗುರುಕುಲವನ್ನು ಹೊಗಳುವಾಗ ಅದು ಬಾಲ ದುಡಿಮೆಯ ಮೇಲೆ, ಲೈಸೆನ್ಸಿಲ್ಲದ ಚಾಲನೆಯ ಮೇಲೆ ನಿಂತಿತ್ತು ಎಂಬುದನ್ನು ಮರೆಯುವಂತಿಲ್ಲ.

ಕಾನೂನು ಈ ವಿದ್ಯೆಯನ್ನು ಕಾಗದದ ಮೇಲೆ ಬಲ್ಲದು. 1939ರ ಮೋಟಾರು ವಾಹನ ಕಾಯ್ದೆಯ ಜಾಗಕ್ಕೆ 1988ರ ಕಾಯ್ದೆ ಬಂತು. ಅದು ಜಾರಿಯಾದದ್ದು 1989ರ ಜುಲೈ 1ರಂದು. ಅದರಡಿಯ ಕೇಂದ್ರ ನಿಯಮಗಳಲ್ಲಿ ಚಾಲನಾ ಪರೀಕ್ಷೆಗೆ ಬಂದವನು ಅಗತ್ಯ ಬಿದ್ದಾಗ ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಬೇಗನೆ ಬರಬಲ್ಲನೇ, ಇಳಿಜಾರಿನಲ್ಲಿ ಗೇರು ಇಳಿಸಬಲ್ಲನೇ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಡಬಲ್ಲನೇ ಎಂದು ನೋಡಬೇಕೆಂದಿದೆ. ಜಯನಗರದ ಕೆಎ–05 ಕಚೇರಿಗಾಗಲಿ, ಯಾವುದೇ ಆರ್‌ಟಿಒಗಾಗಲಿ ನಿಯಮ ಒಂದೇ. ಆದರೆ ನಗರದ ಸಮತಟ್ಟಾದ ಅಂಗಳದಲ್ಲಿ ಖಾಲಿ ಲಾರಿ ಓಡಿಸಿದ್ದು ಘಟ್ಟದಲ್ಲಿ ತುಂಬಿದ ಲಾರಿ ಇಳಿಸಲು ಸಾಕಾದೀತೇ?

ಅದೇ ನಿಯಮಾವಳಿ ಸಾರಿಗೆ ವಾಹನ ಓಡಿಸುವವನು ಎಂಟನೆ ತರಗತಿ ಪಾಸಾಗಿರಬೇಕೆಂದೂ ಕೇಳುತ್ತಿತ್ತು. ಶಾಲೆ ಬಿಟ್ಟು ಲಾರಿ ಹತ್ತಿದ ಹುಡುಗರಿಗೆ, ಎಷ್ಟೇ ಪಳಗಿದ್ದರೂ, ಅದು ಗೋಡೆಯಾಯಿತು. 2019ರಲ್ಲಿ ಸರ್ಕಾರ ಆ ಷರತ್ತನ್ನು ಕೈಬಿಟ್ಟು, ಓದಿಗಿಂತ ತರಬೇತಿ ಮುಖ್ಯ ಎಂದು ಒಪ್ಪಿಕೊಂಡಿತು.

ಹತ್ತಿದ ಗೇರಿನಲ್ಲೇ ಇಳಿಯಬೇಕು

ಡಬಲ್ ಕ್ಲಚ್ಚಿನ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಬೆಂಗಳೂರಿನಲ್ಲಲ್ಲ, ಪಶ್ಚಿಮ ಘಟ್ಟದಲ್ಲಿ. ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ, ಕೊಟ್ಟಿಗೆಹಾರ ದಾಟಿದ ಮೇಲಿನ ಚಾರ್ಮಾಡಿ, ಮಡಿಕೇರಿ ಕಡೆಯ ಸಂಪಾಜೆ ಲಾರಿಯವರ ನಿದ್ದೆಗೆಡಿಸಿದ ದಾರಿಗಳು. ಆಗುಂಬೆಯ ಹದಿನಾಲ್ಕು ತಿರುವುಗಳಂತೂ ಉದ್ದದ ಗಾಡಿಗಳಿಗೆ ಅಸಾಧ್ಯವೇ ಸರಿ. 1974ರಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ಘಟ್ಟದ ಲಾರಿ ಸಂಚಾರ ಇನ್ನಷ್ಟು ಬೆಳೆಯಿತು.

ಘಟ್ಟ ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಕೂತರೆ ಡ್ರಮ್ಮುಗಳು ಕಾದು, ಹಿಡಿತ ತಪ್ಪಿ, ಕಡೆಗೆ ಪೆಡಲ್ ಒತ್ತಿದರೂ ಲಾರಿ ನಿಲ್ಲದು. ಅದಕ್ಕೇ ಹಳಬರ ಪಾಠ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಲಾರಿಯನ್ನು ಹಿಡಿದು ನಿಲ್ಲಿಸುತ್ತದೆ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು ಎಂಬುದು ಪಾಠದ ಮುಖ್ಯ ಭಾಗ.

ಏಕೆಂದರೆ ಸಿಂಕ್ರೋಮೆಶ್ ಇಲ್ಲದ ಲಾರಿಯಲ್ಲಿ ಇಳಿಜಾರಿನ ನಡುವೆ ಗೇರು ಬದಲಿಸಲು ಹೊರಟು ತಪ್ಪಿದರೆ ಲಾರಿ ನ್ಯೂಟ್ರಲಿನಲ್ಲಿ ಉಳಿಯುತ್ತದೆ. ಕ್ಷಣಕ್ಷಣಕ್ಕೂ ವೇಗ ಏರುತ್ತದೆ. ವೇಗ ಏರಿದಷ್ಟೂ ಇಂಜಿನ್ ತಲುಪಬೇಕಾದ ಸುತ್ತೂ ಏರುತ್ತದೆ. ಸ್ವಲ್ಪ ಹೊತ್ತಿಗೆ ಅದು ಇಂಜಿನ್ನಿನ ಶಕ್ತಿಯನ್ನೇ ಮೀರಿ, ಎಂಥ ನುರಿತವನಿಗೂ ಆ ಗೇರು ಬೀಳುವುದಿಲ್ಲ. ಉಳಿಯುವುದು ಬ್ರೇಕು, ಅದೃಷ್ಟ ಮತ್ತು ರಸ್ತೆ ಬದಿಯ ಕಂದಕ. ಡೀಸೆಲ್ ಉಳಿಸುವ ಆಸೆಗೆ ಬೇಕೆಂದೇ ನ್ಯೂಟ್ರಲ್ ಹಾಕಿ ಗಾಡಿ ಬಿಡುತ್ತಿದ್ದವರೂ ಇದ್ದರು. ಟ್ರಿಪ್ಪಿಗೆ ಇಷ್ಟೇ ಡೀಸೆಲ್ ಎಂದು ಲೆಕ್ಕ ಕಟ್ಟಿಕೊಡುವ ವ್ಯವಸ್ಥೆಯಲ್ಲಿ ಉಳಿಸಿದ ಲೀಟರ್ ಎಂದರೆ ಮನೆಗೆ ಒಯ್ಯುವ ಕಾಸು. ಆ ಕಾಸಿಗೆ ಒಡ್ಡಿದ್ದು ಪ್ರಾಣ.

ಕಿರಿದಾದ ಏರುದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬ ನಿಯಮ ನಮ್ಮ ರಸ್ತೆ ನಿಯಮಗಳಲ್ಲಿದೆ. ಇಂದಿನ ಕಾರಿನವರಿಗೆ ಅದು ಸೌಜನ್ಯದಂತೆ ಕಂಡೀತು. ಏರಿನ ನಡುವೆ ನಿಂತ ತುಂಬಿದ ಲಾರಿಯನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಎಂದು ಬಲ್ಲವರಿಗೆ ಅದರ ಅರ್ಥ ಬೇರೆ.

ದೇಹ ತೆತ್ತ ಬೆಲೆ

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವ ಮೋಹ ಇಲ್ಲಿ ಸಲ್ಲದು. ಹಳೆಯ ಲಾರಿಗಳು ಕಾರ್ಖಾನೆಯಿಂದ ಬರುತ್ತಿದ್ದುದು ಬಹುಪಾಲು ಬರಿಯ ಚಾಸಿಯಾಗಿ. ಕ್ಯಾಬಿನ್ನನ್ನು ಊರಿನ ಬಡಗಿಗಳು, ಕಮ್ಮಾರರು ಮರ, ತಗಡಿನಲ್ಲಿ ಕಟ್ಟುತ್ತಿದ್ದರು. ಚಾಲಕನ ಪಕ್ಕದಲ್ಲೇ ಇಂಜಿನ್. ಬೇಸಿಗೆಯಲ್ಲಿ ಅದು ಒಲೆ. ದಿನಕ್ಕೆ ನೂರಾರು ಬಾರಿ ಬಿಗಿ ಕ್ಲಚ್ ತುಳಿದ ಎಡ ಮಂಡಿ, ಕುಲುಕಾಟಕ್ಕೆ ಸಿಕ್ಕ ಬೆನ್ನು, ಸದ್ದಿಗೆ ಮಂದವಾದ ಕಿವಿ ಈ ವಿದ್ಯೆ ಚಾಲಕನಿಂದ ವಸೂಲು ಮಾಡಿದ ಶುಲ್ಕ. ಯಾವ ಕಿವಿಯನ್ನು ನಂಬಿ ಅವನು ಬದುಕಿದನೋ ಅದೇ ಕಿವಿಯನ್ನು ಇಂಜಿನ್ ತಿಂದಿತು.

ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಹೊರಡುತ್ತಿದ್ದ ಲಾರಿಗೆ ವರ್ಷಕ್ಕೊಮ್ಮೆಯಾದರೂ ಪೂಜೆ ಸಲ್ಲುತ್ತಿತ್ತು. ಅದನ್ನು ಓಡಿಸಿದವನಿಗೆ ಪಿಂಚಣಿ ಇರಲಿಲ್ಲ.

ಯಂತ್ರ ಕಲಿತ ವಿದ್ಯೆ

1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದ ಸ್ವರಾಜ್ ಮಾಜ್ದಾ, ಡಿಸಿಎಂ ಟೊಯೋಟಾ, ಐಷರ್ ಮಿತ್ಸುಬಿಷಿಯಂಥ ಹಗುರ ಲಾರಿಗಳು ಬಂದು ಲಾರಿಯೂ ಕಾರಿನಂತೆ ಸಲೀಸಾಗಿರಬಹುದು ಎಂದು ತೋರಿಸಿಕೊಟ್ಟವು. ನಿಧಾನವಾಗಿ ಭಾರಿ ಲಾರಿಗಳಿಗೂ ಸಿಂಕ್ರೋಮೆಶ್ ಬಂತು, ಪವರ್ ಸ್ಟೀರಿಂಗ್ ಬಂತು. 1998ರಲ್ಲಿ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೊ ಲಾರಿ ತಯಾರಿಸತೊಡಗಿತು. 2020ರ ಏಪ್ರಿಲ್ 1ರಿಂದ ಬಿಎಸ್–6 ಮಾನದಂಡ ಜಾರಿಯಾಗಿ ಹೊಸ ಲಾರಿಯ ಇಂಜಿನ್ ಪೂರ್ತಿ ಕಂಪ್ಯೂಟರಿನ ಅಧೀನವಾಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಒಲೆಯ ಪಕ್ಕ ಕುಳಿತವರಿಗೆ ಈ ನ್ಯಾಯ ಬಹಳ ತಡವಾಗಿ ಸಿಕ್ಕಿತು.

ಇಷ್ಟರ ನಡುವೆ ಒಂದು ಸ್ವಾರಸ್ಯವಿದೆ. ವೋಲ್ವೊ 2001ರಲ್ಲಿ ಹೊರತಂದ 'ಐ–ಶಿಫ್ಟ್' ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯಲ್ಲಿ ಹನ್ನೆರಡು ಗೇರುಗಳಿವೆ. ಕ್ಲಚ್ ಪೆಡಲ್ಲೇ ಇಲ್ಲ. ಆದರೆ ಅದರ ಒಳಗಿನ ಮೂಲ ಪೆಟ್ಟಿಗೆ ಸಿಂಕ್ರೋಮೆಶ್ ಇಲ್ಲದ ಹಳೆಯ ಬಗೆಯದೇ. ಗೇರು ಇಳಿಸುವಾಗ ಕಂಪ್ಯೂಟರು ಇಂಜಿನ್ನಿನ ಸುತ್ತು ಏರಿಸಿ, ಗೇರು ಏರಿಸುವಾಗ ಸುತ್ತು ತಗ್ಗಿಸಿ, ಎರಡೂ ಕಡೆಯ ವೇಗ ಸಮವಾದ ಕ್ಷಣದಲ್ಲಿ ಕೊಂಡಿ ಸೇರಿಸುತ್ತದೆ. ಅಂದರೆ ಹಳೆಯ ಚಾಲಕ ಕಿವಿಯಿಂದ ಮಾಡುತ್ತಿದ್ದ ಲೆಕ್ಕವನ್ನೇ ಅದು ಸಂವೇದಕಗಳಿಂದ ಮಾಡುತ್ತದೆ. ಸಿಂಕ್ರೋಮೆಶ್ ಇಲ್ಲದ ಗಟ್ಟಿ ಪೆಟ್ಟಿಗೆಯೇ ಭಾರಕ್ಕೆ ಸರಿ ಎಂಬ ಹಳೆಯ ತೀರ್ಮಾನ ತಪ್ಪಾಗಿರಲಿಲ್ಲ. ತಪ್ಪಿದ್ದುದು ಅದರ ಲೆಕ್ಕವನ್ನೆಲ್ಲ ಒಬ್ಬ ಮನುಷ್ಯನ ಮೇಲೆ ಹೇರಿ ಆ ಕೆಲಸವನ್ನು ವಿದ್ಯೆಯೆಂದು ಎಣಿಸದೆ ಬಿಟ್ಟದ್ದರಲ್ಲಿ.

ಇಂದು ಜಯನಗರದ ರಸ್ತೆಗಳಲ್ಲಿ ಬಿಎಂಟಿಸಿಯ ವಿದ್ಯುತ್ ಬಸ್ಸು ಸದ್ದಿಲ್ಲದೆ ಹೊರಡುತ್ತದೆ. ಅದರ ಚಾಲಕ ಗೇರು ಬದಲಿಸಬೇಕಿಲ್ಲ. ಅವನ ಎಡಗಾಲಿಗೆ ಕೆಲಸವಿಲ್ಲ. ಅದು ಒಳ್ಳೆಯ ಸುದ್ದಿಯೇ. ಯಂತ್ರಕ್ಕೆ ಈ ಲೆಕ್ಕ ಕಲಿಸಲು ಇಂಜಿನಿಯರುಗಳು ದಶಕಗಳನ್ನು ತೆಗೆದುಕೊಂಡರು. ಎಂಟನೆ ತರಗತಿ ಪಾಸಾಗದ ಹುಡುಗರು ಅದನ್ನು ಖಾಲಿ ಲಾರಿಯಲ್ಲಿ, ಬೈಗುಳ ತಿನ್ನುತ್ತ, ರಾತ್ರಿ ರಸ್ತೆಯಲ್ಲಿ ಕಲಿತಿದ್ದರು.